ಕೆರೆಯ ಮುಂದೆ ಕೂರಿಸಿದ ಅಣ್ಣ

ಅಣ್ಣ ತೀರಿಕೊಂಡ ಸುದ್ದಿ ನನಗೆ ಸ್ಟಾಫ್ ರೂಮಿನಲ್ಲಿ ಸಿಕ್ಕಿತು. ಮೊಬೈಲ್ ನೋಡಿ ಪಕ್ಕಕ್ಕಿಟ್ಟು, ಹತ್ತನೇ ತರಗತಿಯ ಉತ್ತರ ಪತ್ರಿಕೆ ತಿದ್ದುವುದನ್ನು ಮುಂದುವರಿಸಿದೆ. ಅಳು ಬರುತ್ತದೇನೋ ಎಂದು ಒಂದು ಗಳಿಗೆ ಕಾದದ್ದು ನಿಜ. ಬರಲಿಲ್ಲ.

ಆಮೇಲೆ ಒಂದು ದಿನ ಅಪೂರ್ವ ಫೋನ್ ಮಾಡಿದಳು. ಅಣ್ಣ ಕಟ್ಟಿದ ಶಾಲೆಯಲ್ಲಿ ನನ್ನ ಜೊತೆ ಓದಿದವಳು, ಈಗ ಆ ಶಾಲೆಯನ್ನು ನಡೆಸುತ್ತಿರುವವಳು.

"ಅಣ್ಣನ ನೆನಪಿಗೆ ಒಂದು ಪುಸ್ತಕ ತರ್ತಾ ಇದೀವಿ ಕಣೇ. ನೀನು ಬರೀಲೇಬೇಕು. ಲೋಕಲ್ ಮಕ್ಕಳಲ್ಲಿ ಟೀಚರ್ ಆಗಿರೋದು ನೀನೊಬ್ಬಳೇ ತಾನೆ? ಕೆರೆ ಬಗ್ಗೆ ಬರಿ. ನಿನಗಿಂತ ಜಾಸ್ತಿ ಹೊತ್ತು ಕೆರೆ ಹತ್ರ ಕೂತೋರು ಯಾರಿದಾರೆ ಹೇಳು?"

ತಮಾಷೆಗೆ ಅಂದ ಮಾತು. ನನಗೇನೂ ನಗು ಬರಲಿಲ್ಲ. "ಬರೀತೀನಿ. ಆದ್ರೆ ಒಂದಕ್ಷರ ತೆಗೀಬಾರ್ದು," ಅಂದೆ.

"ಅಯ್ಯೋ, ಯಾಕೆ ತೆಗೀತೀವಿ," ಅಂದಳು ಪಾಪ.

ಹಾಗಾಗಿ ಬರೆಯುತ್ತಿದ್ದೇನೆ. ನನಗೆ ಆ ಮನುಷ್ಯನ ಮೇಲೆ ಸಿಟ್ಟಿದೆ. ಅವರು ಬದುಕಿದ್ದಾಗಲೂ ಇತ್ತು, ಈಗಲೂ ಇದೆ. ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಅನುಕೂಲ.

ಅವರನ್ನು ಎಲ್ಲರೂ ಅಣ್ಣ ಎಂದೇ ಕರೆಯಬೇಕಿತ್ತು. ಸರ್ ಎಂದರೆ ತಿರುಗಿ ನೋಡುತ್ತಿರಲಿಲ್ಲ. ಎತ್ತರದ ಆಳು, ನರೆತ ಗಡ್ಡ, ಮೊಣಕಾಲು ಮುಟ್ಟುವ ದಪ್ಪ ಖಾದಿ ಜುಬ್ಬ. ಕಾಲಿಗೆ ಚಪ್ಪಲಿ ಇಲ್ಲ. ಒಡೆದ ಹಿಮ್ಮಡಿಯನ್ನು ಬಂದವರಿಗೆಲ್ಲ ಎತ್ತಿ ತೋರಿಸಿ, "ಇದು ನನ್ನ ಡಿಗ್ರಿ" ಎನ್ನುತ್ತಿದ್ದರು. ನಿಜವಾದ ಡಿಗ್ರಿಗಳೂ ಅವರಿಗೆ ಎರಡೋ ಮೂರೋ ಇದ್ದವು, ಒಂದು ಹೊರದೇಶದ್ದು. ನಮಗೆ ಅಡುಗೆ ಮಾಡಿ ಹಾಕುತ್ತಿದ್ದ ಮುನಿಯಮ್ಮನ ಹಿಮ್ಮಡಿ ಅದಕ್ಕಿಂತ ಹೆಚ್ಚು ಒಡೆದಿತ್ತು. ಅವಳು ಅದಕ್ಕೆ ಹರಳೆಣ್ಣೆ ಹಚ್ಚಿಕೊಂಡು ಸೀರೆ ಎಳೆದು ಮುಚ್ಚಿಕೊಳ್ಳುತ್ತಿದ್ದಳು.

ಶಾಲೆ ಇದ್ದದ್ದು ಜಡಿಗೇನಹಳ್ಳಿಯ ಆಚೆ, ಒಂದು ಕೆರೆಯ ಏರಿಗೆ ಅಂಟಿಕೊಂಡ ತೋಟದಲ್ಲಿ. ಗೋಡೆಗಿಂತ ಮರಗಳೇ ಹೆಚ್ಚು. ಹೊಂಗೆ ಮರದ ಕೆಳಗೆ ವಿಜ್ಞಾನ, ಹುಣಸೆ ಮರದ ಕೆಳಗೆ ಭಾಷೆ. ಗಂಟೆ ಇಲ್ಲ, ಹಾಜರಿ ಇಲ್ಲ, ಬೆತ್ತವಂತೂ ಇಲ್ಲವೇ ಇಲ್ಲ. ಎಂಟನೇ ತರಗತಿಯಿಂದ ಹತ್ತರವರೆಗಿನ ಮಕ್ಕಳು, ಬಹುಪಾಲು ಬೆಂಗಳೂರಿನವರು. ತಿಂಗಳಿಗೊಮ್ಮೆ ಅವರ ಅಪ್ಪ ಅಮ್ಮ ದೊಡ್ಡ ಕಾರುಗಳಲ್ಲಿ ಬಂದು ನೆಲದ ಮೇಲೆ ಕೂತು ಮುದ್ದೆ ಉಂಡು, ಫೋಟೊ ತೆಗೆದುಕೊಂಡು ಹೋಗುತ್ತಿದ್ದರು.

ದೊಡ್ಡಬಳ್ಳಾಪುರದ ನಾನು ಅಲ್ಲಿಗೆ ಹೋದದ್ದೇ ಒಂದು ಕಥೆ. ಮಕ್ಕಳಿಗೆ ಕೈಮಗ್ಗ ಕಲಿಸುವ ನೇಕಾರರನ್ನು ಹುಡುಕಿಕೊಂಡು ಅಣ್ಣ ನಮ್ಮ ಬೀದಿಗೆ ಬಂದರು. ನಮ್ಮ ಮನೆಯಲ್ಲಿ ಇದ್ದದ್ದು ಪವರ್‌ಲೂಮ್. ಅಪ್ಪ ನಕ್ಕು, "ಕೈಮಗ್ಗನಾ ಸ್ವಾಮಿ? ನಮ್ಮ ತಾತನ ಕಾಲದ್ದು, ಸೌದೆಗೆ ಹೋಯ್ತು," ಎಂದರು. ಅಣ್ಣನಿಗೆ ನಿರಾಶೆಯಾಯಿತು. ಅಷ್ಟರಲ್ಲಿ ನಾನು ಬಾಗಿಲಲ್ಲಿ ಕಂಡೆ. ನೀರು ಕೊಟ್ಟೆ. ಈ ಮಗುವನ್ನು ನಮ್ಮಲ್ಲಿಗೆ ಕಳಿಸಿ, ಊಟ ವಸತಿ ಎಲ್ಲ ನಮ್ಮದೇ ಎಂದರು. ಕಾರಿನವರ ಮಕ್ಕಳು ಓದುವ ಶಾಲೆ ಎಂದು ಗೊತ್ತಾದ ಮೇಲೆ ಅಪ್ಪ ಬೇರೇನೂ ಯೋಚಿಸಲಿಲ್ಲ. ಅಮ್ಮ ಮಾತ್ರ, "ಗಂಟೆ ಇಲ್ಲದ ಸ್ಕೂಲು ಎಂಥ ಸ್ಕೂಲು?" ಎಂದು ಗೊಣಗಿದರು. ಅಮ್ಮನ ಮಾತು ಕೇಳಬೇಕಿತ್ತು.

ಅಣ್ಣ ಎಂದೂ ದನಿ ಏರಿಸಿದವರಲ್ಲ. ಅವರು ಮಾತಾಡುವಾಗ ನಾವು ಮುಂದಕ್ಕೆ ಬಾಗಬೇಕಿತ್ತು. ನನ್ನದು ಮಗ್ಗದ ಮನೆಯ ಗಂಟಲು. ಹಗಲೆಲ್ಲ ಲಟಪಟ ಸದ್ದಿನ ನಡುವೆ ಉಪ್ಪು ಬೇಕು ಎನ್ನುವುದಕ್ಕೂ ಕೂಗಬೇಕಾದ ಮನೆ ಅದು. ನಾನು ಬಾಯಿ ತೆರೆದರೆ ಅಣ್ಣ ಕಣ್ಣು ಮುಚ್ಚಿಕೊಂಡು ಅಂಗೈ ಕೆಳಗಿಳಿಸುವ ಸನ್ನೆ ಮಾಡುತ್ತಿದ್ದರು. "ನಿನ್ನ ದನಿಯಲ್ಲಿ ಇನ್ನೂ ಮಷೀನು ಇದೆ ಮಗು. ಹೋಗುತ್ತೆ, ಹೋಗುತ್ತೆ." ಬೇರೆ ಮಕ್ಕಳು ಕಿಸಕ್ಕೆಂದು ನಗುತ್ತಿದ್ದರು. ಮೂರು ವರ್ಷದಲ್ಲಿ ನನ್ನ ದನಿ ಎಷ್ಟು ತಗ್ಗಿತೆಂದರೆ, ರಜೆಗೆ ಮನೆಗೆ ಹೋದಾಗ ನಾನು ಹೇಳಿದ್ದು ಅಪ್ಪನಿಗೆ ಕೇಳಿಸದಂತಾಯಿತು.

ಅವರೆಕಾಯಿ ಕಾಲ ಬಂದರೆ ನಮಗೆ ಗಣಿತದ ಪಾಠ ಜೋರು. ಒಂದು ಮಂಕರಿ ಕಾಯಿ ಸುಲಿಯುವುದು, ನೆನೆಸುವುದು, ಹಿತುಕುವುದು. ಒಂದು ಹಿಡಿಯಲ್ಲಿ ಎಷ್ಟು ಕಾಳು, ಒಂದು ಸೇರಿಗೆ ಎಷ್ಟು ಹಿಡಿ, ಇದೇ ಲೆಕ್ಕ. ಬೆಂಗಳೂರಿನ ಮಕ್ಕಳಿಗೆ ಅದು ದೊಡ್ಡ ಸಂಭ್ರಮ. ಬೆರಳ ಸಂದಿಯಿಂದ ಬೇಳೆ ಚಿಮ್ಮಿದರೆ ಚಪ್ಪಾಳೆ ಹೊಡೆಯುತ್ತಿದ್ದರು. ಮನೆಯಲ್ಲಿ ಅಮ್ಮ ಇದನ್ನೇ ಮಾಡಿಸಿದರೆ ಕೆಲಸ ಎನ್ನುತ್ತಿದ್ದೆವು, ಇಲ್ಲಿ ಗಣಿತ ಎನ್ನಬೇಕಿತ್ತು. ಸಂಜೆ ಅಣ್ಣನ ಅತಿಥಿಗಳಿಗೆ ಹಿತಕಿದ ಬೇಳೆ ಸಾರು. ಬೀಜಗಣಿತ ಯಾವಾಗ ಅಣ್ಣ ಎಂದು ನಾನೊಮ್ಮೆ ಕೇಳಿದೆ. "ಅವಸರ ಯಾಕೆ ಮಗು?" ಎಂದರು. ಆ ಮಾತನ್ನು ಅವರು ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದರೋ. ಅವಸರ ಇಲ್ಲದಿರುವುದಕ್ಕೆ ಬೆಂಗಳೂರಿನಲ್ಲಿ ಸ್ವಂತ ಮನೆ ಇರಬೇಕು ಎಂದು ನನಗೆ ಆಗ ಹೊಳೆದಿರಲಿಲ್ಲ.

ಒಳ್ಳೆಯದನ್ನೂ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಇವಳು ಹೊಟ್ಟೆಕಿಚ್ಚಿಗೆ ಬರೆದಳು ಎಂದು ಪಕ್ಕಕ್ಕೆ ಸರಿಸುತ್ತಾರೆ. ಒಂಬತ್ತನೇ ತರಗತಿಯಲ್ಲಿ ನನಗೆ ಅಮ್ಮ ಎದ್ದು ಮೈತುಂಬ ಚಿಕನ್‌ಪಾಕ್ಸ್ ಗುಳ್ಳೆ ಆದಾಗ ಉಳಿದವರನ್ನೆಲ್ಲ ದೂರ ಇಟ್ಟು ಅಣ್ಣನೇ ಪಕ್ಕದಲ್ಲಿ ಕೂತು ಬೇವಿನ ಸೊಪ್ಪಿನಿಂದ ಗಾಳಿ ಹಾಕಿದರು. ಕೆರೆದುಕೊಳ್ಳಬಾರದೆಂದು ನನ್ನ ಕೈ ಹಿಡಿದುಕೊಂಡು, ಹೊರಗೆ ಕೂಗುತ್ತಿದ್ದ ಹಕ್ಕಿಗಳ ಹೆಸರು ಒಂದೊಂದಾಗಿ ಹೇಳಿದರು. ಈಗಲೂ ಪಾಠ ಮಾಡುವಾಗ ಕಿಟಕಿಯಾಚೆ ಕುಟ್ರುಹಕ್ಕಿ ಕೂಗಿದರೆ ನನಗೆ ತಟ್ಟನೆ ಗೊತ್ತಾಗುತ್ತದೆ. ಅದು ಅವರು ಕೊಟ್ಟದ್ದೇ, ಇಲ್ಲ ಎನ್ನುವುದಿಲ್ಲ. ಕೆಟ್ಟವರಾಗಿದ್ದರೆ ನನಗೆ ಇಷ್ಟು ಕಷ್ಟ ಇರುತ್ತಿರಲಿಲ್ಲ.

ಇನ್ನು ಕೆರೆ.

ಆ ಶಾಲೆಯಲ್ಲಿ ಶಿಕ್ಷೆ ಇರಲಿಲ್ಲ, ಕೆರೆ ಇತ್ತು. ಜಗಳವಾಡಿದರೆ, ಸುಳ್ಳು ಹೇಳಿದರೆ, ಯಾವುದಾದರೂ ದೊಡ್ಡ ತೀರ್ಮಾನ ಆಗಬೇಕಿದ್ದರೆ, ಅಣ್ಣ ನಮ್ಮನ್ನು ಏರಿಯ ಮೇಲೆ ಒಬ್ಬೊಬ್ಬರನ್ನೇ ಕೂರಿಸುತ್ತಿದ್ದರು. ಸುಮ್ಮನೆ ಕೂತು ನೀರು ನೋಡಬೇಕು. ಆಮೇಲೆ ಅವರು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಮೆಲ್ಲಗೆ ಕೇಳುತ್ತಿದ್ದರು: "ಕೆರೆ ಏನು ಹೇಳ್ತು?"

ಹೇಳಿದ್ದು ಅವರಿಗೆ ಸರಿ ಅನ್ನಿಸಿದರೆ ಬೆನ್ನು ತಟ್ಟಿ ಎಬ್ಬಿಸುತ್ತಿದ್ದರು. ಅನ್ನಿಸದಿದ್ದರೆ, "ಅದು ಕೆರೆ ಹೇಳಿದ್ದಲ್ಲ ಮಗು, ನಿನ್ನ ತಲೆ ಹೇಳಿದ್ದು. ಇನ್ನೂ ಸ್ವಲ್ಪ ಹೊತ್ತು ಕೂತ್ಕೋ."

ಬೆಂಗಳೂರಿನ ಮಕ್ಕಳು ಇದರ ಗುಟ್ಟು ಬೇಗ ಹಿಡಿದರು. ಅಪೂರ್ವಳಂತೂ ನಿಪುಣೆ. "ನೀರು, ಆಕಾಶ, ಒಂದು ಒಣಗಿದ ಎಲೆ. ಇಷ್ಟು ಸೇರಿಸಿ ಏನಾದ್ರೂ ಬಿಡೇ, ಸಾಕು," ಎಂದು ನನಗೂ ಹೇಳಿಕೊಟ್ಟಳು. ನನ್ನಿಂದ ಆಗಲಿಲ್ಲ. ನಮ್ಮ ಮನೆಯಲ್ಲಿ ಕೆರೆ ಎಂದರೆ ಗಂಗಮ್ಮ. ಅಮ್ಮ ಪ್ರತಿ ವರ್ಷ ಕೆರೆಗೆ ಹೋಗಿ ಅರಿಶಿನ ಕುಂಕುಮ ಏರಿಸಿ, ವೀಳ್ಯದೆಲೆ ಮೇಲೆ ದೀಪ ಬಿಡುವಾಗ ನನ್ನ ಬಾಯಿಗೆ ಕೈ ಅಡ್ಡ ಇಟ್ಟು, ಅವಳ ಮುಂದೆ ಹುಡುಗಾಟದ ಮಾತು ಆಡಬೇಡ ಎನ್ನುತ್ತಿದ್ದರು. ಅಂಥ ಗಂಗಮ್ಮನ ಎದುರು ಕೂತು, ಅವಳು ಹೇಳದ ಮಾತನ್ನು ಅವಳು ಹೇಳಿದಳು ಎನ್ನುವುದು ಹೇಗೆ? ಅಣ್ಣ ಪ್ರತಿ ಸಲ ಕೇಳಿದಾಗಲೂ ನಾನು ನಿಜವನ್ನೇ ಹೇಳಿದೆ.

"ಏನೂ ಹೇಳ್ಲಿಲ್ಲ ಅಣ್ಣ."

"ಇನ್ನೂ ಸ್ವಲ್ಪ ಹೊತ್ತು ಕೂತ್ಕೋ. ಅವಸರ ಯಾಕೆ?"

ಸಣ್ಣಪುಟ್ಟ ವಿಷಯಕ್ಕೆ ಇದು ನಡೆಯುತ್ತಿತ್ತು. ಬಿಸಿಲಿಗೆ ತಲೆ ಸುತ್ತುವವರೆಗೆ ಕೂತು, ಕೊನೆಗೆ ಮುನಿಯಮ್ಮ ಊಟಕ್ಕೆ ಕರೆದರೆ ಎದ್ದು ಬರುತ್ತಿದ್ದೆ. ಹತ್ತನೇ ತರಗತಿಯಲ್ಲಿ ಇದು ನನ್ನ ಕುತ್ತಿಗೆಗೆ ಬಂತು. ನಮ್ಮ ಶಾಲೆಯವರು ಓಪನ್ ಸ್ಕೂಲಿನ ಮೂಲಕ ಹತ್ತನೇ ತರಗತಿಯ ಪರೀಕ್ಷೆ ಕಟ್ಟಬೇಕಿತ್ತು. ಅರ್ಜಿಗೆ ಅಣ್ಣನ ಸಹಿ ಬೇಕು. ಪರೀಕ್ಷೆಗೆ ಯಾರು ಸಿದ್ಧರಾಗಿದ್ದಾರೆ ಎನ್ನುವುದನ್ನು ಕೆರೆಯೇ ಹೇಳಲಿ ಎಂದು ಅಣ್ಣ ತೀರ್ಮಾನಿಸಿದರು.

ಅಪೂರ್ವ ಮೊದಲ ದಿನವೇ ಪಾಸು. ಕೆರೆಗೆ ಬಿದ್ದ ಕಲ್ಲು ಅಲೆ ಎಬ್ಬಿಸಿ ಕೊನೆಗೆ ತಳದಲ್ಲಿ ಸುಮ್ಮನಾಗುತ್ತದೆ, ಪರೀಕ್ಷೆಯೂ ಹಾಗೆಯೇ, ಎಂದು ಏನೋ ಅಂದಳಂತೆ. ಅಣ್ಣನ ಕಣ್ಣಲ್ಲಿ ನೀರೇ ಬಂದುಬಿಟ್ಟಿತು. ಉಳಿದವರೂ ಒಬ್ಬೊಬ್ಬರಾಗಿ ಎಲೆ, ಮೀನು, ಮೋಡ ಎಂದು ಎದ್ದು ಹೋದರು. ನಾನು ಉಳಿದೆ. ಆ ವರ್ಷ ಬೀಜಗಣಿತವನ್ನು ಅಪೂರ್ವಳ ಹಳೆಯ ಪುಸ್ತಕದಿಂದ ನಾನೇ ಕಲಿತಿದ್ದೆ. ಅವಳಿಗೂ ನಾನೇ ಹೇಳಿಕೊಟ್ಟಿದ್ದೆ. ಪರೀಕ್ಷೆ ಬರೆದು ಪಿಯುಸಿ ಸೈನ್ಸ್ ಸೇರುವುದು ಬಿಟ್ಟು ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ. ಒಂದು ದಿನ ಧೈರ್ಯ ಮಾಡಿ ಅದನ್ನೇ ಹೇಳಿದೆ.

"ಕೆರೆ ಏನೂ ಹೇಳ್ಲಿಲ್ಲ ಅಣ್ಣ. ಆದ್ರೆ ನನಗೆ ಪರೀಕ್ಷೆ ಬರೀಬೇಕು."

ಅಣ್ಣ ನನ್ನ ತಲೆ ಸವರಿದರು. "ಇದು ನಿಮ್ಮಪ್ಪನ ಮಗ್ಗದ ಸದ್ದು ಮಗು. ಅದು ನಿಂತ ಮೇಲೆ ನಿನ್ನದು ಕೇಳುತ್ತೆ. ಕೂತ್ಕೋ."

ಕೊನೆಯ ದಿನ ಹತ್ತಿರ ಬಂದಾಗ ಮುನಿಯಮ್ಮನ ಮಗನ ಮೊಬೈಲಿನಿಂದ ಮನೆಗೆ ಫೋನ್ ಮಾಡಿದೆ. ಮಾರನೆಯ ದಿನ ಅಪ್ಪ ಮಗ್ಗ ನಿಲ್ಲಿಸಿ, ಮದುವೆಗೆ ಹಾಕುವ ಬಿಳಿ ಶರ್ಟು ಹಾಕಿಕೊಂಡು, ಮೂರು ಬಸ್ಸು ಬದಲಿಸಿ ಬಂದರು.

"ಸ್ವಾಮಿ, ಒಂದು ಸೈನ್ ಹಾಕ್ಬುಡಿ ಸ್ವಾಮಿ. ಮಗು ಓದ್ಕೊಂಡವ್ಳೆ," ಎಂದು ಕೈ ಮುಗಿದರು. ಅಪ್ಪನ ಮಾತು ಯಾವಾಗಲೂ ಕೂಗಿದಂತೆಯೇ. ಮಕ್ಕಳೆಲ್ಲ ತಿರುಗಿ ನೋಡಿದರು. ಅಣ್ಣ ಅಂಗೈ ಕೆಳಗಿಳಿಸುವ ಸನ್ನೆ ಮಾಡಿದರು.

"ಯಜಮಾನ್ರೇ, ಪರೀಕ್ಷೆ ಎಲ್ಲೂ ಓಡಿಹೋಗಲ್ಲ. ಮಗು ಇನ್ನೂ ಒಳಗಿಂದ ಕೇಳಿಸ್ಕೊಳ್ತಾ ಇಲ್ಲ. ನೀವೂ ಬನ್ನಿ, ಸ್ವಲ್ಪ ಹೊತ್ತು ಕೆರೆ ಹತ್ರ ಕೂತ್ಕೊಳ್ಳಿ."

ಅಷ್ಟು ಮಾತಿನಲ್ಲಿ ಅಪ್ಪನಿಗೆ ಕೇಳಿಸಿದ್ದು ಕೂತ್ಕೊಳ್ಳಿ ಎನ್ನುವುದೊಂದೇ ಇರಬೇಕು. ಕೂತರೆ ಸಹಿ ಆಗುತ್ತದೆ ಎಂದುಕೊಂಡರು. ಏರಿಯ ಮೇಲೆ ಚಪ್ಪಲಿ ಬಿಟ್ಟು, ಗಂಗಮ್ಮನಿಗೆ ಕೈ ಮುಗಿದು, ಬಿಳಿ ಶರ್ಟಿನಲ್ಲೇ ಮಣ್ಣಿನ ಮೇಲೆ ಕೂತರು. ನಾನು ಪಕ್ಕದಲ್ಲಿ. ಬಿಸಿಲು ನೆತ್ತಿಗೆ ಬಂದಿತ್ತು. ಬಹಳ ಹೊತ್ತಾದ ಮೇಲೆ ಅಣ್ಣ ಬಂದು ಅದೇ ಮೆಲುದನಿಯಲ್ಲಿ, "ಏನು ಕೇಳಿಸ್ತು ಯಜಮಾನ್ರೇ?" ಎಂದರು. ಅಪ್ಪ ನನ್ನ ಮುಖ ನೋಡಿದರು. ನಾನು ಅವರ ಕಿವಿಗೆ ಬಾಯಿಟ್ಟು ಕೂಗಿದೆ.

"ಅಪ್ಪಾ, ಕೆರೆ ಏನ್ ಹೇಳ್ತು ಅಂತ ಕೇಳ್ತವ್ರೆ!"

ಅಪ್ಪ ಕೆರೆ ನೋಡಿದರು, ಅಣ್ಣನನ್ನು ನೋಡಿದರು. ಮುಖ ಸಣ್ಣದಾಯಿತು.

"ನಂಗೆ ಕಿವಿ ಕೇಳ್ಸಾಕಿಲ್ಲ ಸ್ವಾಮಿ. ಮಗ್ಗ ತಿಂದ್ಬುಡ್ತು. ನನ್ ಕಿವಿ ತಪ್ಪಿಗೆ ಮಗು ಪರೀಕ್ಷೆ ನಿಲ್ಲಿಸ್ಬ್ಯಾಡಿ."

ಇಷ್ಟು ಕೇಳಿದ ಮೇಲೂ ಅಣ್ಣ ಸಹಿ ಹಾಕಲಿಲ್ಲ. ತೆಂಗಿನ ಚಿಪ್ಪಿನಲ್ಲಿ ರಾಗಿ ಅಂಬಲಿ ತರಿಸಿ, ತಂಪಾಗಿದೆ ಕುಡೀರಿ ಎಂದು ಅಪ್ಪನ ಕೈಗೆ ಕೊಟ್ಟರು. ಅಪ್ಪ ಕುಡಿದರು. ಬೇಡ ಎನ್ನಲೂ ಅವರಿಗೆ ಹೆದರಿಕೆ. ಆ ಚಿಪ್ಪು ಹಿಡಿದ ಅಪ್ಪನ ಕೈ ನನ್ನ ಕಣ್ಣ ಮುಂದಿನಿಂದ ಇವತ್ತಿಗೂ ಹೋಗಿಲ್ಲ. ನನ್ನ ಪರೀಕ್ಷೆಯದನ್ನಾದರೂ ಕ್ಷಮಿಸಬಹುದಿತ್ತೇನೋ, ಇದನ್ನು ಕ್ಷಮಿಸಲಾರೆ.

ಕೊನೆಯ ದಿನ ಕಳೆಯಿತು. ನಾನು ಟ್ರಂಕು ಹೊತ್ತು ಮನೆಗೆ ಬಂದೆ. ಲಾಳಿಗೆ ಬೇಕಾದ ಕಂಡಿಕೆಗೆ ನೂಲು ಸುತ್ತಲು ಕೂತೆ. ಮುಂದಿನ ವರ್ಷ ಖಾಸಗಿಯಾಗಿ ಪರೀಕ್ಷೆ ಕಟ್ಟಿದರಾಯಿತು ಎಂದುಕೊಂಡೆವು. ಮುಂದಿನ ವರ್ಷ ಮಗ್ಗದ ಆಳು ಬಿಟ್ಟು ಹೋದ, ಅದರ ಮುಂದಿನ ವರ್ಷ ಅಮ್ಮನಿಗೆ ಆಪರೇಷನ್ ಆಯಿತು. ಕೊನೆಗೆ ನಾನು ಎಸ್ಸೆಸ್ಸೆಲ್ಸಿ ಬರೆದದ್ದು ನನ್ನ ತಂಗಿಯ ಜೊತೆ, ಅದೇ ಕೇಂದ್ರದಲ್ಲಿ. ಅವಳು ಯೂನಿಫಾರ್ಮಿನಲ್ಲಿ, ನಾನು ಚೂಡಿದಾರಿನಲ್ಲಿ. ಮೇಲ್ವಿಚಾರಕರು ನನ್ನನ್ನು ಬಾಗಿಲಲ್ಲಿ ತಡೆದು, "ಪೇರೆಂಟ್ಸ್ ಒಳಗೆ ಬರಬಾರ್ದಮ್ಮ," ಎಂದರು. ತಂಗಿ ಅಲ್ಲೇ ಅತ್ತುಬಿಟ್ಟಳು. ನಾನು ಅಳಲಿಲ್ಲ, ಹಾಲ್ ಟಿಕೆಟ್ ತೋರಿಸಿದೆ.

ಆಮೇಲೆ ಒಂದೊಂದೇ ಮೆಟ್ಟಿಲು ಹತ್ತಿ ವಿಜ್ಞಾನದ ಮೇಡಂ ಆದೆ. ಅನುಗೊಂಡನಹಳ್ಳಿ ಕಡೆಯ ಸರ್ಕಾರಿ ಪ್ರೌಢಶಾಲೆಯೊಂದಕ್ಕೆ ವರ್ಗವಾಗಿ ಬಂದೆ. ಹತ್ತನೇ ತರಗತಿಯ ಪರೀಕ್ಷೆ ಕಟ್ಟಿಸುವ ಕಾಲ ಬಂದರೆ ನಾನು ಮನುಷ್ಯಳೇ ಅಲ್ಲ ಎನ್ನುತ್ತಾರೆ ನಮ್ಮ ಸ್ಟಾಫಿನವರು. ಒಂದು ಮಗು ತಪ್ಪಿದರೂ ಅವರ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ಮಗು ಸಿದ್ಧವಾಗಿದೆಯೇ ಎಂದು ಯಾರನ್ನೂ ಕೇಳುವುದಿಲ್ಲ, ಕೆರೆಯನ್ನಂತೂ ಕೇಳುವುದೇ ಇಲ್ಲ.

ಕಳೆದ ವರ್ಷ ಒಂದು ಬೆಳಗ್ಗೆ ಅಣ್ಣ ಆಟೋದಲ್ಲಿ ಬಂದು ನಮ್ಮ ಶಾಲೆಯ ಮುಂದೆ ಇಳಿದರು. ಬಾಗಿದ್ದರು. ಕೈಯಲ್ಲಿ ಕೋಲು. ಕಾಲಲ್ಲಿ ಚಪ್ಪಲಿ ಇತ್ತು, ಡಾಕ್ಟರ್ ಹೇಳಿರಬೇಕು. ಶಾಲೆಯನ್ನು ಅಪೂರ್ವಳಿಗೆ ಒಪ್ಪಿಸುವ ಸಮಾರಂಭ ಇದೆ, ನೀನು ಬಂದು ನಾಲ್ಕು ಮಾತಾಡಬೇಕು ಎಂದರು. "ನಮ್ಮ ಮಗು ಟೀಚರ್ ಆಗಿದೆ ಅಂತ ಎಲ್ಲರಿಗೂ ಹೇಳ್ತಾ ಇರ್ತೀನಿ," ಎಂದು ಹಿಗ್ಗಿದರು. 'ನಮ್ಮ ಮಗು' ಅಂತೆ.

"ಕ್ಲಾಸಿದೆ ಅಣ್ಣ. ಕೂತ್ಕೊಂಡಿರಿ," ಅಂದೆ.

ವರಾಂಡದ ಬೆಂಚಿನ ಮೇಲೆ ಕೂತರು. ಎದುರಿಗೆ ಒಂದು ಕೆಟ್ಟುಹೋದ ಬೋರ್‌ವೆಲ್, ಅದರಾಚೆ ಕಾಂಪೌಂಡ್ ಗೋಡೆ. ನೋಡಲು ಬೇರೇನೂ ಇಲ್ಲ. ನಾನು ಒಂದು ಕ್ಲಾಸು ಮುಗಿಸಿ ಅವರ ಮುಂದೆಯೇ ಇನ್ನೊಂದು ಕ್ಲಾಸಿಗೆ ಹೋದೆ. ಊಟದ ಹೊತ್ತಿಗೆ ತಟ್ಟೆಯಲ್ಲಿ ಅನ್ನ ಸಾಂಬಾರು ಕಳಿಸಿದೆ, ಎದುರು ಹೋಗಲಿಲ್ಲ. ಮಧ್ಯಾಹ್ನದ ಮೇಲೂ ಹಾಗೆಯೇ. ಪಾಠ ಮಾಡುತ್ತಲೇ ಕಿಟಕಿಯಿಂದ ನೋಡುತ್ತಿದ್ದೆ. ಖುಷಿಯಾಗುತ್ತಿತ್ತು. ಯಾಕೆ ಸುಳ್ಳು ಹೇಳಲಿ, ತುಂಬಾ ಖುಷಿಯಾಗುತ್ತಿತ್ತು.

ಕೊನೆಯ ಗಂಟೆ ಹೊಡೆದು ಮಕ್ಕಳೆಲ್ಲ ಹೋದ ಮೇಲೆ ಅವರ ಪಕ್ಕದಲ್ಲಿ ಕೂತೆ. "ಈ ಬೋರ್‌ವೆಲ್ ಏನು ಹೇಳ್ತು ಅಣ್ಣ?" ಎಂದು ಕೇಳಿದೆ.

ಅವರಿಗೆ ಅರ್ಥವಾಯಿತು. ನಕ್ಕರು. ಹಳೆಯ ಚಾಳಿ, ಕಣ್ಣು ಮುಚ್ಚಿ ಶುರು ಮಾಡಿದರು. "ಬತ್ತಿದ ಬಾಯಿಯೂ ಒಂದು ಕಾಲಕ್ಕೆ ಊರಿನ ದಾಹ ತೀರಿಸಿತ್ತು ಅಂತ..."

"ಅದು ಬೋರ್‌ವೆಲ್ ಹೇಳಿದ್ದಲ್ಲ ಅಣ್ಣ, ನಿಮ್ಮ ತಲೆ ಹೇಳಿದ್ದು."

ಅವರ ನಗು ಹೋಯಿತು. ಕೋಲಿನ ಹಿಡಿಯನ್ನು ಸವರಿದರು. ಆಮೇಲೆ ಗೋಡೆಯ ಕಡೆ ನೋಡುತ್ತಲೇ ಹೇಳಿದರು. ನಾನು ಮುಂದಕ್ಕೆ ಬಾಗಬೇಕಾಯಿತು.

"ನನಗೂ ಕೆರೆ ಯಾವತ್ತೂ ಏನೂ ಹೇಳ್ಲಿಲ್ಲ ಮಗು. ಎಷ್ಟೋ ವರ್ಷ ಕೂತೆ. ನಿಮ್ಮಲ್ಲಿ ಯಾರಿಗಾದ್ರೂ ಹೇಳುತ್ತೇನೋ ಅಂತ ಕೂರಿಸ್ತಾ ಇದ್ದೆ. ಎಲ್ಲರೂ ಹೇಳ್ತು ಅಂದ್ರು. ನೀನೊಬ್ಬಳೇ ಇಲ್ಲ ಅಂದೆ. ನಿನ್ನನ್ನು ಕಂಡ್ರೆ ನನಗೆ ಭಯ ಆಗ್ತಾ ಇತ್ತು."

ಗೆದ್ದೆ ಅನ್ನಿಸಬೇಕಿತ್ತು. ಬದಲಿಗೆ ಸಿಟ್ಟು ಇನ್ನೂ ಹೆಚ್ಚಾಯಿತು. ನಾನು ಹೇಳಿದ್ದು ನಿಜ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಕೂರಿಸಿದ್ದರು. ಗೊತ್ತಿದ್ದೇ ನಮ್ಮಪ್ಪನನ್ನು ಬಿಸಿಲಲ್ಲಿ ಕೂರಿಸಿ ಚಿಪ್ಪಿನಲ್ಲಿ ಅಂಬಲಿ ಕುಡಿಸಿದ್ದರು.

"ಈ ಮಾತನ್ನ ಅವತ್ತು ನಮ್ಮಪ್ಪಂಗೆ ಹೇಳ್ಬೇಕಿತ್ತು," ಅಂದೆ. ನನ್ನ ದನಿ ಖಾಲಿ ವರಾಂಡದ ತುಂಬ ಮೊಳಗಿತು. ಮಗ್ಗದ ಮನೆಯ ಗಂಟಲು ವಾಪಸ್ಸು ಬಂದಿತ್ತು. "ಕೂಗಿ ಹೇಳ್ಬೇಕಿತ್ತು. ಅವ್ರಿಗೆ ಕಿವಿ ಕೇಳ್ತಿರ್ಲಿಲ್ಲ."

ಅಣ್ಣ ತಲೆ ತಗ್ಗಿಸಿದರು. "ನಾನು ಹೋಗ್ಲಾ ಮಗು?" ಎಂದು ಕೇಳಿದರು, ಅಪ್ಪಣೆ ಕೇಳುವ ಹುಡುಗನಂತೆ.

"ಇನ್ನೂ ಸ್ವಲ್ಪ ಹೊತ್ತು ಕೂತ್ಕೊಳ್ಳಿ ಅಣ್ಣ. ಅವಸರ ಯಾಕೆ?"

ಬ್ಯಾಗು ಹೆಗಲಿಗೇರಿಸಿ ಬಸ್ಸಿಗೆ ಹೊರಟೆ. ಗೇಟಿನ ಹತ್ತಿರ ತಿರುಗಿ ನೋಡಿದಾಗ ಬೆಂಚಿನ ಮೇಲೆ ಕೂತೇ ಇದ್ದರು. ಸಮಾರಂಭಕ್ಕೆ ನಾನು ಹೋಗಲಿಲ್ಲ. ಅವರನ್ನು ಮತ್ತೆ ನೋಡಲೂ ಇಲ್ಲ.

ಈ ಮಾತು ಯಾರಿಗೂ ಹೇಳಬೇಡ ಎಂದು ಅವರು ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೂ ಹೇಳುತ್ತಿದ್ದೆ. ಅಪೂರ್ವ, ಒಂದಕ್ಷರ ತೆಗೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೀಯ. ನಿನ್ನ ಮಕ್ಕಳು ಈಗಲೂ ಏರಿಯ ಮೇಲೆ ಸಾಲಾಗಿ ಕೂರುತ್ತಾರೆ ಎಂದು ಕೇಳಿದ್ದೇನೆ. ಪುಸ್ತಕ ಅಚ್ಚಾದ ದಿನ ಅವರಲ್ಲಿ ಒಬ್ಬಳಿಗಾದರೂ ಇದು ಸಿಗಲಿ. ಮಗಳೇ, ಎದ್ದು ಹೋಗಿ ಪರೀಕ್ಷೆ ಕಟ್ಟು. ಆ ಕೆರೆ ಅಣ್ಣನಿಗೂ ಏನೂ ಹೇಳಿರಲಿಲ್ಲ.